‘ಎಂಬೆಡೆಡ್’ ಎಂದರೆ ಹುದುಗಿದ್ದೋ, ನಾಟಿದ್ದೋ, ಬೇರೂರಿದ್ದೋ? ಒಂದು ಇಂಗ್ಲಿಷ್ ಪದವನ್ನು ಬಿಡಿಸಿಕೊಳ್ಳುವ ಕ್ರಮ

ಬೆಂಗಳೂರಿನಲ್ಲಿ ‘ಎಂಬೆಡೆಡ್’ ಎಂಬ ಮಾತು ಕಿವಿಗೆ ಬೀಳದೆ ಒಂದು ವಾರ ಕಳೆಯುವುದು ಕಷ್ಟ. ಎದುರುಮನೆಯವರ ಮಗ ಎಂಬೆಡೆಡ್‌ನಲ್ಲಿ ಕೆಲಸ ಮಾಡುತ್ತಾನೆ, ಅಂಗಡಿಯವರು ತೋರಿಸುವ ಹೊಸ ಫೋನಿನಲ್ಲಿ ಸಿಮ್ ಎಂಬೆಡೆಡ್ ಆಗಿರುತ್ತದೆ, ಬಯಾಪ್ಸಿ ವರದಿಯಲ್ಲಿ ‘ಪ್ಯಾರಾಫಿನ್ ಎಂಬೆಡೆಡ್’ ಎಂದು ಬರೆದಿರುತ್ತದೆ, ತಾರತಮ್ಯವು ನಮ್ಮ ಸಮಾಜದಲ್ಲಿ ‘ಡೀಪ್ಲಿ ಎಂಬೆಡೆಡ್’ ಆಗಿದೆ ಎಂದು ಇಂಗ್ಲಿಷ್ ಪತ್ರಿಕೆಯ ಅಂಕಣಕಾರರು ವಾದಿಸುತ್ತಾರೆ. ನಾಲ್ಕೂ ಕಡೆ ಪದ ಒಂದೇ. ಕನ್ನಡದಲ್ಲಿ ಹೇಳಲು ಹೊರಟರೆ ನಾಲ್ಕಕ್ಕೂ ಬೇರೆ ಬೇರೆ ಮಾತು ಬೇಕಾಗುತ್ತದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಅನುವಾದಗಳನ್ನು ತಿದ್ದುವುದು ನನ್ನ ಕಸುಬು. ಕೆಲವು ವರ್ಷಗಳ ಹಿಂದೆ ತಿದ್ದಲು ಬಂದ ಉದ್ಯೋಗ ಜಾಹೀರಾತೊಂದರಲ್ಲಿ ‘ಹುದುಗಿದ ವ್ಯವಸ್ಥೆಗಳ ಎಂಜಿನಿಯರ್ ಬೇಕಾಗಿದ್ದಾರೆ’ ಎಂದಿತ್ತು. ಹುದುಗಿರುವುದು ವ್ಯವಸ್ಥೆಯೋ ಎಂಜಿನಿಯರೋ ಎಂಬ ಅನುಮಾನ ಒಂದು ಕಡೆಯಿರಲಿ, ಇಂಥ ಜಾಹೀರಾತನ್ನು ಓದಿ ಯಾರೂ ಅರ್ಜಿ ಹಾಕುವುದಿಲ್ಲ. ತಪ್ಪು ನಿಘಂಟಿನದಲ್ಲ, ಅದು ಹುದುಗಿಸು, ನೆಡು, ನಾಟಿಸು ಎಂದು ಸರಿಯಾಗಿಯೇ ಕೊಟ್ಟಿರುತ್ತದೆ. ಒಂದು ವಸ್ತು ಇನ್ನೊಂದರ ಒಳಗೆ ಕುಳಿತಿದೆ ಎಂದಷ್ಟೇ ಹೇಳಿ ಇಂಗ್ಲಿಷ್ ತೃಪ್ತಿಪಡುತ್ತದೆ, ಕನ್ನಡವಾದರೋ ಅದು ಹೇಗೆ ಕುಳಿತಿದೆ ಎಂಬುದನ್ನು ನೋಡಿ ಕ್ರಿಯಾಪದವನ್ನು ಆರಿಸುತ್ತದೆ. ಆದ್ದರಿಂದ ಈ ಪದ ಎದುರಾದಾಗ ನಿಘಂಟನ್ನು ತೆರೆಯುವ ಮೊದಲು ಮಾಡಬೇಕಾದ ಕೆಲಸಗಳು ಕೆಲವಿವೆ.

ಮೊದಲು ಹಾಸನ್ನು ಹುಡುಕಿ

ಪದದ ಹೊಟ್ಟೆಯಲ್ಲೇ ‘ಬೆಡ್’ ಇದೆ. ಇಂಗ್ಲಿಷಿನವರಿಗೆ ಬೆಡ್ ಎಂದರೆ ಮಲಗುವ ಹಾಸಿಗೆ ಮಾತ್ರವಲ್ಲ. ಹೊಳೆಯ ತಳವೂ ಬೆಡ್, ಹೂವಿನ ಪಾತಿಯೂ ಬೆಡ್, ಬಂಡೆಯ ಪದರವೂ ಬೆಡ್. ಈ ಕೊನೆಯ ಅರ್ಥವೇ ನಮ್ಮ ಪದದ ತವರು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಭೂವಿಜ್ಞಾನದ ಬರಹಗಳು ಬಂಡೆಯೊಳಗೆ ಸಿಕ್ಕಿಕೊಂಡ ಪಳೆಯುಳಿಕೆಗಳನ್ನು ವರ್ಣಿಸಲು ಇದನ್ನು ಬಳಕೆಗೆ ತಂದವು. ಮನಸ್ಸು, ಸಮಾಜ, ಸಂಸ್ಕೃತಿಗಳ ಮಾತಿಗೆ ಇದು ಹರಡಿದ್ದು ಆಮೇಲೆ, 19ನೆಯ ಶತಮಾನದಲ್ಲಿ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಲಾಲ್‌ಬಾಗಿನ ಬಂಡೆಯನ್ನು ಹತ್ತಬಹುದು. ಕೆಂಪೇಗೌಡ ಗೋಪುರವನ್ನು ಹೊತ್ತು ನಿಂತಿರುವ ಆ ಬಂಡೆ ಪೆನಿನ್ಸುಲರ್ ನೈಸ್ ಎಂಬ ಶಿಲೆಯದು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಲೆಕ್ಕ ಹಾಕಲಾಗಿದೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ಹಾಕಿದೆ. ಅಷ್ಟು ಹಳೆಯದಾದ, ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಾಯಿಸಿದ ಕಲ್ಲಿನಲ್ಲಿ ಪಳೆಯುಳಿಕೆ ಸಿಗುವುದಿಲ್ಲ, ನಿಜ. ಆದರೆ ಅದಕ್ಕಿಂತಲೂ ಹಳೆಯ ಶಿಲೆಗಳ ತುಣುಕುಗಳನ್ನು ಈ ಬಂಡೆ ತನ್ನೊಳಗೆ ಹಿಡಿದಿಟ್ಟುಕೊಂಡಿದೆ. ಒಂದು ಕಲ್ಲಿನೊಳಗೆ ಇನ್ನೊಂದು ಕಲ್ಲು, ಸುತ್ತಲೂ ಆವರಿಸಿದ ಹಾಸು, ಬಿಡಿಸಲಾಗದ ಹಿಡಿತ: ಇದು ಎಂಬೆಡೆಡ್ ಪದದ ಮೂಲ ಚಿತ್ರ.

ಇಲ್ಲಿ ಒಂದು ಸಂತೋಷದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕಲ್ಲನ್ನು ಹಾಸಿಗೆಯಂತೆ ಕಂಡದ್ದು ಇಂಗ್ಲಿಷ್ ಮಾತ್ರವಲ್ಲ, ಕನ್ನಡವೂ ಹಾಸುಗಲ್ಲು, ಹಾಸುಬಂಡೆ ಎನ್ನುತ್ತದೆ. ನೇಕಾರರ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲೂ ಹಾಸು, ಅದನ್ನು ಅಡ್ಡಲಾಗಿ ಹೊಕ್ಕು ಹೋಗುವ ನೂಲು ಹೊಕ್ಕು. ಈ ‘ಹಾಸುಹೊಕ್ಕು’ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಆದುದರಿಂದ ಮೊದಲ ಹೆಜ್ಜೆಯೆಂದರೆ, ವಾಕ್ಯದಲ್ಲಿ ಹಾಸು ಯಾವುದು, ಅದರಲ್ಲಿ ಕುಳಿತದ್ದು ಯಾವುದು ಎಂದು ಗೆರೆ ಎಳೆದು ಗುರುತಿಸಿಕೊಳ್ಳುವುದು. ಬಯಾಪ್ಸಿ ವರದಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಈ ಪದವನ್ನು ಕಂಡು, ಗಡ್ಡೆ ಎಲ್ಲೋ ಒಳಗೆ ಇಳಿದುಬಿಟ್ಟಿದೆ ಎಂದು ಹೆದರಿದವರನ್ನು ನಾನು ಬಲ್ಲೆ. ಅಲ್ಲಿ ಹಾಸು ಎಂದರೆ ರೋಗಿಯ ದೇಹವಲ್ಲ, ಮೇಣ. ದೇಹದಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಮಾಡಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿಟ್ಟು ಆರಿಸಿ ಗಟ್ಟಿಯಾಗಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಬೇಕಾದ 3ರಿಂದ 5 ಮೈಕ್ರಾನ್ ದಪ್ಪದ ಹಾಳೆಗಳಾಗಿ ಕೊಯ್ಯಲು ಆ ಮೇಣದ ಗಟ್ಟಿ ಆಸರೆ ಬೇಕು. ವರದಿಯ ಆ ಸಾಲು ಪ್ರಯೋಗಾಲಯದ ಪೂರ್ವಸಿದ್ಧತೆಯನ್ನು ಹೇಳುತ್ತಿದೆಯೇ ಹೊರತು ರೋಗದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಮನಸ್ಸಿನಲ್ಲೇ ಕಿತ್ತು ನೋಡಿ

ಹಾಸು ಸಿಕ್ಕಿದ ಮೇಲೆ, ಕುಳಿತ ವಸ್ತುವನ್ನು ಅಲ್ಲಿಂದ ಕಿತ್ತರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಏನೂ ಆಗದಿದ್ದರೆ ಅದು ಎಂಬೆಡೆಡ್ ಅಲ್ಲ. ಕಾರಿನ ಗಾಜಿಗೆ ಹಚ್ಚಿದ ಫಾಸ್ಟ್‌ಟ್ಯಾಗ್ ಅಂಟಿಸಿದ್ದು. ಸುಲಿದರೆ ಗಾಜಿಗೆ ಏನೂ ಆಗದು. ಅದೇ ಫಾಸ್ಟ್‌ಟ್ಯಾಗಿನ ಒಳಗಿರುವ ಚಿಪ್ ಮಾತ್ರ ಆ ಚೀಟಿಯಲ್ಲಿ ಎಂಬೆಡೆಡ್. ನಮ್ಮ ಮೆಟ್ರೋದ ಟೋಕನ್ನಿನ ಒಳಗಿನ ಚಿಪ್ಪೂ ಹಾಗೆಯೇ. ಅದನ್ನು ಹೊರತೆಗೆಯಬೇಕಾದರೆ ಟೋಕನ್ನನ್ನು ಒಡೆಯಬೇಕು. ಹಳೆಯ ಬಡಾವಣೆಗಳ ಕಾಂಪೌಂಡ್ ಗೋಡೆಯ ನೆತ್ತಿಯಲ್ಲಿ ಕಳ್ಳರು ಹತ್ತದಿರಲೆಂದು ಸಿಮೆಂಟಿನಲ್ಲಿ ನೆಟ್ಟ ಗಾಜಿನ ಚೂರುಗಳನ್ನು ನೋಡಿರುತ್ತೀರಿ. ಅವು ಎಂಬೆಡೆಡ್ ಎಂಬುದಕ್ಕೆ ಈ ಊರಿನಲ್ಲಿ ಸಿಗುವ ಅತ್ಯುತ್ತಮ ಉದಾಹರಣೆ, ಏಕೆಂದರೆ ಅರ್ಧ ಹೊರಗೆ ಕಾಣುತ್ತಿರುತ್ತವೆ. ಎಂಬೆಡೆಡ್ ಆದದ್ದೆಲ್ಲ ಅಡಗಿರಲೇಬೇಕೆಂದಿಲ್ಲ; ಅಡಗಿದ್ದೆಲ್ಲ ಎಂಬೆಡೆಡ್ ಕೂಡ ಅಲ್ಲ. ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಒಡವೆ ಅಡಗಿದೆ, ಅಷ್ಟೇ. ಮುಚ್ಚಳ ತೆರೆದರೆ ಕೈಗೆ ಬರುತ್ತದೆ.

ನಗರತ್‌ಪೇಟೆಯ ಅಕ್ಕಸಾಲಿಗರೊಬ್ಬರು ನನ್ನ ಉಂಗುರವನ್ನು ಕೈಯಲ್ಲಿ ಹಿಡಿದು ಹೇಳಿದ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ: “ಅಮ್ಮಾ, ಹರಳು ಅಂಟಿಸೋದು ಬೇರೆ, ಕೂರಿಸೋದು ಬೇರೆ. ಇದನ್ನ ಯಾರೋ ಅಂಟಿಸಿದಾರೆ.” ಚಿನ್ನದ ಅಂಚು ಹರಳನ್ನು ಸುತ್ತಲೂ ತಬ್ಬಿ ಹಿಡಿದರೆ ಅದು ಕೂರಿಸಿದ್ದು. ಎಂಬೆಡೆಡ್ ಎಂಬುದಕ್ಕೆ ಆಭರಣದ ಸಂದರ್ಭದಲ್ಲಿ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ. ‘ವಜ್ರಗಳನ್ನು ಹುದುಗಿಸಿದ ಹಾರ’ ಎಂದು ಜಾಹೀರಾತು ಬರೆಯುವವರು ಒಮ್ಮೆ ಪೇಟೆಗೆ ಹೋಗಿ ಬರಬೇಕು.

ಕಿತ್ತು ನೋಡುವ ಈ ಪರೀಕ್ಷೆಯನ್ನು ಮನಸ್ಸಿನಲ್ಲೇ ಮಾಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪ್ರಥಮ ಚಿಕಿತ್ಸೆಯ ಇಂಗ್ಲಿಷ್ ಕೈಪಿಡಿಗಳಲ್ಲಿ ‘ಎಂಬೆಡೆಡ್ ಆಬ್ಜೆಕ್ಟ್’ ಎಂಬ ಮಾತು ಬಂದರೆ, ಗಾಯದೊಳಕ್ಕೆ ಹೊಕ್ಕು ನಾಟಿಕೊಂಡಿರುವ ಗಾಜು, ಕಬ್ಬಿಣ, ಚಾಕು ಇಂಥವು ಎಂದರ್ಥ. ಅದನ್ನು ಕೀಳಬಾರದು, ಸುತ್ತಲಿನ ಭಾಗವನ್ನು ಒತ್ತಿ ರಕ್ತ ನಿಲ್ಲಿಸಿ, ವಸ್ತು ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಸೇರಿಸಬೇಕು ಎಂಬುದು ಅಲ್ಲಿನ ಸೂಚನೆ, ಏಕೆಂದರೆ ಕಿತ್ತ ಕೂಡಲೇ ರಕ್ತ ಧಾರೆಯಾಗಿ ಹರಿಯಬಹುದು. ಕಾರ್ಖಾನೆಯ ಗೋಡೆಗೆ ಹಚ್ಚುವ ಇಂಥ ಸೂಚನೆಯನ್ನು ಅನುವಾದಿಸುವವರು ‘ಹುದುಗಿದ ವಸ್ತು’ ಎಂದು ಬರೆದರೆ ಓದಿದ ಕಾರ್ಮಿಕನಿಗೆ ಏನೂ ಹೊಳೆಯುವುದಿಲ್ಲ. ‘ಗಾಯದೊಳಗೆ ನಾಟಿಕೊಂಡಿರುವ ವಸ್ತು’ ಎಂದರೆ ಕೈ ತಾನಾಗಿ ನಿಲ್ಲುತ್ತದೆ. ಹೊರಗಿನಿಂದ ಮೊನೆಯಾಗಿ ಒಳಹೊಕ್ಕದ್ದಕ್ಕೆ ನಾಟು, ಚುಚ್ಚು. ಸುತ್ತಲೂ ಆವರಿಸಿದ್ದಕ್ಕೆ ಹುದುಗು. ಭಾರಕ್ಕೆ ಕೆಳಗಿಳಿದದ್ದಕ್ಕೆ ಹೂತುಹೋಗು. ಕೆಸರಿನಲ್ಲಿ ಚಕ್ರ ಹೂತುಹೋಗುತ್ತದೆ, ನಾಟುವುದಿಲ್ಲ.

ಕುಳಿತದ್ದೋ, ಕೂರಿಸಿದ್ದೋ

ಮೂರನೆಯದಾಗಿ, ಆ ವಸ್ತುವನ್ನು ಅಲ್ಲಿ ಯಾರು ಇಟ್ಟರು ಎಂದು ಕೇಳಬೇಕು. ಇಂಗ್ಲಿಷಿನ ಎಂಬೆಡೆಡ್ ಈ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುತ್ತದೆ. ಕನ್ನಡಕ್ಕೆ ತಪ್ಪಿಸಿಕೊಳ್ಳುವ ದಾರಿ ಅಷ್ಟು ಸುಲಭವಾಗಿಲ್ಲ. ಹುದುಗಿದ ಎಂದರೆ ತಾನಾಗಿ ಆದದ್ದು, ಹುದುಗಿಸಿದ ಎಂದರೆ ಯಾರೋ ಮಾಡಿದ್ದು. ಒಂದು ‘ಸು’ ಸೇರಿದರೆ ಒಬ್ಬ ಕರ್ತೃ ಹುಟ್ಟಿಕೊಳ್ಳುತ್ತಾನೆ. ಬಂಡೆಯಲ್ಲಿ ಹಳೆಯ ಶಿಲೆ ಹುದುಗಿದೆ. ನೋಟಿನ ಕಾಗದದಲ್ಲಿ ಭದ್ರತಾ ದಾರವನ್ನು ಹುದುಗಿಸಲಾಗಿದೆ.

ಭೌತಿಕ ವಸ್ತುಗಳ ವಿಷಯದಲ್ಲಿ ಇದು ವ್ಯಾಕರಣದ ಮಾತಾಯಿತು, ಸಾಮಾಜಿಕ ವಿಷಯಗಳಲ್ಲಿ ಇದು ನಿಲುವಿನ ಮಾತಾಗುತ್ತದೆ. ನೇಮಕಾತಿಯ ನಿಯಮಗಳಲ್ಲಿ ಪಕ್ಷಪಾತ ಎಂಬೆಡೆಡ್ ಆಗಿದೆ ಎಂಬ ಇಂಗ್ಲಿಷ್ ವಾಕ್ಯವನ್ನು ‘ಹುದುಗಿದೆ’ ಎಂದು ಬರೆದರೆ ಯಾರ ಮೇಲೂ ಹೊಣೆ ಬೀಳುವುದಿಲ್ಲ, ‘ಹುದುಗಿಸಲಾಗಿದೆ’ ಎಂದರೆ ಬೇಕೆಂದೇ ಯಾರೋ ಮಾಡಿದ್ದಾರೆಂಬ ಆರೋಪವಾಗುತ್ತದೆ. ಮೂಲ ಲೇಖಕರು ಯಾವುದನ್ನು ಹೇಳುತ್ತಿದ್ದಾರೆಂದು ಹಿಂದಿನ ಮುಂದಿನ ಸಾಲುಗಳಿಂದ ತಿಳಿದುಕೊಳ್ಳದೆ ಆ ‘ಸು’ವನ್ನು ಸೇರಿಸಲೂಬಾರದು, ಬಿಡಲೂಬಾರದು. ನಾನು ತಿದ್ದುವ ಪ್ರತಿಗಳಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬೀಳುವುದು ಈ ಒಂದಕ್ಷರಕ್ಕೆ.

ಮನಸ್ಸಿನ ಹಾಸು, ಸಮಾಜದ ಹಾಸು

ಹಾಸು ಕಣ್ಣಿಗೆ ಕಾಣುವಂಥದ್ದಲ್ಲ ಎಂದಾದರೆ ನೀವು ರೂಪಕದ ಕ್ಷೇತ್ರಕ್ಕೆ ಬಂದಿದ್ದೀರಿ. ಆಗಲೂ ಮೇಲಿನ ಪ್ರಶ್ನೆಗಳನ್ನೇ ಕೇಳಬೇಕು, ಉತ್ತರಗಳು ಮಾತ್ರ ಹೆಚ್ಚು ನಯವಾಗುತ್ತವೆ.

ಕಿತ್ತರೆ ಬೇರು ಸಮೇತ ಬರಬೇಕಾದದ್ದು, ತಾನಾಗಿ ಬೆಳೆದದ್ದು, ಬೆಳೆಯಲು ಕಾಲ ತೆಗೆದುಕೊಂಡದ್ದು ಬೇರೂರಿದ್ದು. ಪೂರ್ವಗ್ರಹ, ಭಯ, ಭ್ರಷ್ಟಾಚಾರ, ಚಟ ಇವೆಲ್ಲ ಬೇರೂರುತ್ತವೆ. ಒಳ್ಳೆಯದೂ ಬೇರೂರಬಹುದು, ಆದರೆ ಕನ್ನಡದ ಓದುಗರಿಗೆ ಈ ಪದದಲ್ಲಿ ಕಳೆ ಕೀಳುವ ಕಷ್ಟದ ನೆನಪು ಸ್ವಲ್ಪ ಇದ್ದೇ ಇರುತ್ತದೆ. ‘ಅತಿಥಿಸತ್ಕಾರ ನಮ್ಮಲ್ಲಿ ಬೇರೂರಿದೆ’ ಎಂದರೆ ತಪ್ಪಲ್ಲ, ಆದರೂ ಕಿವಿಗೆ ಅಷ್ಟು ಹಿತವಲ್ಲ. ಅಲ್ಲಿ ಹಾಸುಹೊಕ್ಕು ಬೇಕು. ಯಾವುದನ್ನು ಬೇರ್ಪಡಿಸಲು ಹೋದರೆ ಹಾಸೇ ಉಳಿಯುವುದಿಲ್ಲವೋ ಅದು ಹಾಸುಹೊಕ್ಕಾದದ್ದು. ಬೆಂಗಳೂರಿನ ಮಾತಿನಲ್ಲಿ ತಮಿಳು, ತೆಲುಗು, ಉರ್ದು ಪದಗಳು ಹಾಸುಹೊಕ್ಕಾಗಿವೆ. ಒಂದೊಂದು ನೂಲನ್ನೂ ಎಳೆದು ತೆಗೆದರೆ ಬಟ್ಟೆ ಉಳಿಯದು. ಎಂಬೆಡೆಡ್‌ನ ರೂಪಕದಲ್ಲಿ ಒಂದು ವಸ್ತು, ಒಂದು ಹಾಸು ಎಂಬ ಎರಡುತನ ಉಳಿದಿರುತ್ತದೆ, ಹಾಸುಹೊಕ್ಕು ಅದನ್ನು ಅಳಿಸಿಹಾಕುತ್ತದೆ. ಹಾಗಾಗಿ ಅದು ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಪದ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಸಂಸ್ಕೃತಿ, ಭಾಷೆ, ನಿತ್ಯಜೀವನದಂಥ ನೇಯ್ಗೆಯ ಸಂದರ್ಭಗಳಿಗೆ ಮೀಸಲಿಡುವುದು ಒಳ್ಳೆಯದು.

ನೆನಪಿನ ವಿಷಯದಲ್ಲಿ ಇಂಗ್ಲಿಷ್ ‘ಎಂಬೆಡೆಡ್ ಇನ್ ಮೈ ಮೆಮರಿ’ ಎನ್ನುತ್ತದೆ. ನಮ್ಮಲ್ಲಿ ದೃಶ್ಯ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ, ಮಾತು ಎದೆಗೆ ನಾಟುತ್ತದೆ. ನಾಟು ಎಂಬ ಕ್ರಿಯಾಪದದ ಹರಹು ನನಗೆ ಯಾವಾಗಲೂ ಅಚ್ಚರಿ ತರುತ್ತದೆ: ಬಾಣವೂ ನಾಟುತ್ತದೆ, ಕಾಲಿಗೆ ಮುಳ್ಳೂ ನಾಟುತ್ತದೆ, ಗದ್ದೆಯಲ್ಲಿ ಪೈರಿನ ನಾಟಿಯೂ ನಡೆಯುತ್ತದೆ, ‘ಮನಸ್ಸಿಗೆ ನಾಟುವಂತೆ ಹೇಳಿದರು’ ಎಂಬುದು ಒಳ್ಳೆಯ ಮೇಷ್ಟರಿಗೆ ಸಲ್ಲುವ ಮೆಚ್ಚುಗೆ. ನೋಯಿಸುವುದೂ ಬೆಳೆಸುವುದೂ ಒಂದೇ ಪದದಲ್ಲಿದೆ. ಇಂಗ್ಲಿಷಿನ ಎಂಬೆಡೆಡ್‌ಗೆ ಈ ಫಲವತ್ತತೆ ಇಲ್ಲ.

ಕಥೆಯಲ್ಲಿ ಎಂಬೆಡೆಡ್ ಆದ ಸಂದೇಶ ಅಡಗಿರುತ್ತದೆ ಅಥವಾ ಹುದುಗಿರುತ್ತದೆ. ಬೆಲೆಯಲ್ಲಿ ಎಂಬೆಡೆಡ್ ಆದ ತೆರಿಗೆ ಸೇರಿಕೊಂಡಿರುತ್ತದೆ. ಅಲ್ಲಿ ಕಾವ್ಯದ ಅಗತ್ಯವಿಲ್ಲ. ತತ್ವ, ಹಕ್ಕು, ಸ್ವಭಾವಗಳ ಮಾತಿಗೆ ಅಂತರ್ಗತ ಸರಿಹೊಂದುತ್ತದೆ. ಅದನ್ನು ಎಲ್ಲ ಕಡೆಯೂ ಬಳಸುವ ಅಭ್ಯಾಸ ಸರ್ಕಾರಿ ಸುತ್ತೋಲೆಗಳಿಂದ ಬಂದಿರಬೇಕು. ‘ಚರ್ಮದಲ್ಲಿ ಅಂತರ್ಗತವಾದ ಮುಳ್ಳು’ ಎಂಬ ಸಾಲನ್ನೂ ನಾನು ತಿದ್ದಿದ್ದೇನೆ.

ಹೆಸರಾಗಿ ಗಟ್ಟಿಯಾದಲ್ಲಿ ಕೈ ಹಾಕಬೇಡಿ

ಕೆಲವು ಕಡೆ ಎಂಬೆಡೆಡ್ ವರ್ಣನೆಯಾಗಿ ಉಳಿದಿಲ್ಲ, ಹೆಸರಿನ ಭಾಗವಾಗಿಬಿಟ್ಟಿದೆ. ಅಂಥ ಕಡೆ ಅನುವಾದಿಸುವ ಬದಲು ಮೊದಲ ಸಲ ಬಂದಾಗ ಅರ್ಥವನ್ನು ಬಿಡಿಸಿ ಹೇಳಿ, ಆಮೇಲೆ ಅದೇ ಪದವನ್ನು ಉಳಿಸಿಕೊಳ್ಳುವುದು ಮೇಲು. ಎಂಬೆಡೆಡ್ ಸಿಸ್ಟಮ್ ಅಂಥದ್ದು. ಒಂದೇ ನಿರ್ದಿಷ್ಟ ಕೆಲಸಕ್ಕಾಗಿ ಇನ್ನೊಂದು ಯಂತ್ರದ ಒಳಗೆ ಕೂರಿಸಿದ ಕಂಪ್ಯೂಟರ್ ಎಂಬುದು ಅದರ ತಿರುಳು. ಚಂದ್ರನತ್ತ ಹೋದ ಅಪೊಲೊ ನೌಕೆಗಳ ದಿಕ್ಸೂಚಿ ಕಂಪ್ಯೂಟರನ್ನು ಈ ಬಗೆಯ ಮೊದಲಿನವುಗಳಲ್ಲೊಂದೆಂದು ಹೇಳುವುದು ರೂಢಿ. 1971ರಲ್ಲಿ ಇಂಟೆಲ್ 4004 ಚಿಪ್ ಬಂದ ಮೇಲೆ ಇದು ಅಗ್ಗವಾಗಿ ಮನೆಮನೆಗೂ ಇಳಿಯಿತು. ಬಟ್ಟೆ ಒಗೆಯುವ ಯಂತ್ರ, ಅಪಾರ್ಟ್‌ಮೆಂಟಿನ ಲಿಫ್ಟ್, ಬಿಎಂಟಿಸಿ ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರ, ಇದೇ ಊರಿನ ಬಿಇಎಲ್ ತಯಾರಿಸುವ ಮತಯಂತ್ರ, ಎಲ್ಲವೂ ಇದರ ಉದಾಹರಣೆಗಳೇ. ಬಳಸುವವರಿಗೆ ಕಾಣುವುದು ಯಂತ್ರ, ಕಂಪ್ಯೂಟರಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿಗೆ ಬಂದಂದಿನಿಂದ ಈ ಊರಿನಲ್ಲಿ ಚಿಪ್ ಕೆಲಸ ಬೆಳೆದಿದೆ. ಇಲ್ಲಿನ ಮನೆಗಳಲ್ಲಿ ಎಂಬೆಡೆಡ್ ಎಂಬುದು ಅಡುಗೆಮನೆಯ ಮಾತಿನಷ್ಟೇ ಸಲೀಸಾಗಿದೆ. ‘ಮಗ ಎಂಬೆಡೆಡ್‌ನಲ್ಲಿದ್ದಾನೆ’ ಎನ್ನುವ ತಾಯಿಗೆ ಕನ್ನಡ ಪದ ಹುಡುಕಿಕೊಡುವ ಅಗತ್ಯವಿಲ್ಲ.

ಇ-ಸಿಮ್‌ನ ‘ಇ’ ಎಲೆಕ್ಟ್ರಾನಿಕ್ ಅಲ್ಲ, ಎಂಬೆಡೆಡ್. ಕಾರ್ಡಿನಂತೆ ಹಾಕಿ ತೆಗೆಯುವ ಬದಲು ಫೋನಿನ ಒಳಫಲಕಕ್ಕೇ ಬೆಸೆದ ಚಿಪ್ ಅದು. ಕಿತ್ತು ನೋಡುವ ಪರೀಕ್ಷೆಯಲ್ಲಿ ನಿಸ್ಸಂದೇಹವಾಗಿ ಗೆಲ್ಲುತ್ತದೆ.

ಕನ್ನಡದವರಿಗೆ ಹಣ ಉಳಿಸುವ ಎಂಬೆಡೆಡ್ ಒಂದಿದೆ. ಲಗ್ನಪತ್ರಿಕೆಯ ಪಿಡಿಎಫ್ ಕಡತವನ್ನು ಚಿಕ್ಕಪೇಟೆಯ ಮುದ್ರಕರಿಗೆ ಕಳುಹಿಸಿದಾಗ, ನೀವು ಬಳಸಿದ ಕನ್ನಡ ಫಾಂಟ್ ಕಡತದೊಳಗೆ ಸೇರಿರದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚದುರಿ, ವಧುವಿನ ಹೆಸರು ಗುರುತು ಸಿಗದಂತಾಗಬಹುದು. ಪಿಡಿಎಫ್ ವೀಕ್ಷಕ ತಂತ್ರಾಂಶದಲ್ಲಿ ಕಡತದ ಗುಣಲಕ್ಷಣಗಳನ್ನು ತೆರೆದು, ಫಾಂಟ್‌ಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆಯೂ ಎಂಬೆಡೆಡ್ ಎಂದಿದೆಯೇ ಎಂದು ನೋಡಿ, ಆಮೇಲೆ ಕಳುಹಿಸಿ. ‘ಎಂಬೆಡೆಡ್ ಸಬ್‌ಸೆಟ್’ ಎಂದಿದ್ದರೂ ಚಿಂತೆಯಿಲ್ಲ. ಬಳಸಿದ ಅಕ್ಷರಗಳಷ್ಟೇ ಸೇರಿವೆ ಎಂದರ್ಥ.

ಜಾಲಪುಟದಲ್ಲಿ ಎಂಬೆಡ್ ಮಾಡಿದ ವಿಡಿಯೊ ಮಾತ್ರ ಈ ಕುಟುಂಬದ ದತ್ತುಮಗು. ಅದು ಪುಟದಲ್ಲಿ ಕುಳಿತಂತೆ ಕಾಣುತ್ತದೆ, ಇರುವುದು ಇನ್ನೆಲ್ಲೋ. ಮೂಲದಲ್ಲಿ ಅಳಿಸಿದರೆ ಇಲ್ಲಿ ಖಾಲಿ ಚೌಕ ಉಳಿಯುತ್ತದೆ. ಇದಕ್ಕೆ ‘ಪುಟದಲ್ಲೇ ತೋರಿಸಿದ ವಿಡಿಯೊ’ ಎಂದರೆ ಸಾಕು.

2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ನೂರಾರು ವರದಿಗಾರರನ್ನು ಸೇನಾ ತುಕಡಿಗಳ ಜೊತೆಗೇ ಇರಿಸಿ ಕಳುಹಿಸಿದಾಗ ‘ಎಂಬೆಡೆಡ್ ಜರ್ನಲಿಸ್ಟ್’ ಎಂಬ ಪ್ರಯೋಗ ಜಗತ್ತಿಗೆಲ್ಲ ಪರಿಚಿತವಾಯಿತು. ಸೈನಿಕರ ಜೊತೆ ಉಂಡು, ಮಲಗಿ, ಅವರ ರಕ್ಷಣೆಯಲ್ಲೇ ಓಡಾಡಿದವರು ಅವರ ಬಗ್ಗೆ ನಿಷ್ಠುರವಾಗಿ ಬರೆಯಬಲ್ಲರೇ ಎಂಬ ಟೀಕೆಯೂ ಆ ಪದಕ್ಕೆ ಆಗಲೇ ಅಂಟಿಕೊಂಡಿತು. ಕನ್ನಡದಲ್ಲಿ ‘ಹುದುಗಿದ ಪತ್ರಕರ್ತ’ ಎಂದರೆ ಆತನನ್ನು ಮಣ್ಣು ಮಾಡಿದಂತೆಯೇ ಸರಿ. ‘ಸೇನೆಯ ಜೊತೆಗಿದ್ದು ವರದಿ ಮಾಡಿದವರು’ ಎಂದು ಬಿಡಿಸಿ ಬರೆಯಬೇಕು. ಇಂಗ್ಲಿಷಿನಲ್ಲಿಯೂ ಈ ಅರ್ಥದಲ್ಲಿ ಮಾತ್ರ ಪದದ ಜೊತೆ ಸಾಮಾನ್ಯವಾಗಿ ‘ವಿತ್’ ಬರುತ್ತದೆ, ಉಳಿದೆಡೆ ‘ಇನ್’.

ವಾಕ್ಯದೊಳಗಿನ ವಾಕ್ಯ

ಕೊನೆಯದಾಗಿ, ಇಂಗ್ಲಿಷ್ ಮಾತಾಡುವವರೆಲ್ಲರಿಗೂ ತಾಗುವ ಒಂದು ಎಂಬೆಡೆಡ್. ಒಂದು ವಾಕ್ಯದ ಹೊಟ್ಟೆಯಲ್ಲಿ ಪ್ರಶ್ನೆಯೊಂದು ಕುಳಿತರೆ ಇಂಗ್ಲಿಷ್ ವ್ಯಾಕರಣ ಅದನ್ನು ‘ಎಂಬೆಡೆಡ್ ಕ್ವೆಶ್ಚನ್’ ಎನ್ನುತ್ತದೆ. ‘ವೇರ್ ಡಸ್ ಹಿ ಲಿವ್?’ ಎಂಬುದು ಸ್ವತಂತ್ರ ಪ್ರಶ್ನೆ. ಒಳಗೆ ಕುಳಿತಾಗ ‘ಡು ಯು ನೋ ವೇರ್ ಹಿ ಲಿವ್ಸ್?’ ಎಂದಾಗಬೇಕು. ನಾವು ಬೆಂಗಳೂರಿನಲ್ಲಿ ಧಾರಾಳವಾಗಿ ‘ಡು ಯು ನೋ ವೇರ್ ಡಸ್ ಹಿ ಲಿವ್?’ ಎನ್ನುತ್ತೇವೆ. ಇದಕ್ಕೆ ಅಜ್ಞಾನಕ್ಕಿಂತ ಹೆಚ್ಚಾಗಿ ಕನ್ನಡವೇ ಕಾರಣ ಎಂಬುದು ನನ್ನ ಗುಮಾನಿ. ‘ಅವನು ಎಲ್ಲಿರುತ್ತಾನೆ?’ ಎಂಬ ಪ್ರಶ್ನೆಯನ್ನು ಒಂದಕ್ಷರವೂ ಅಲುಗಿಸದೆ ಎತ್ತಿಕೊಂಡು, ಅದರ ಬಾಲಕ್ಕೆ ‘ಎಂದು’ ಅಥವಾ ‘ಅಂತ’ ಸೇರಿಸಿ, ‘ಗೊತ್ತೇ?’ ಎಂದರೆ ಕನ್ನಡದಲ್ಲಿ ಕೆಲಸ ಮುಗಿಯಿತು. ನಮ್ಮ ಭಾಷೆ ಒಳವಾಕ್ಯವನ್ನು ಹರಳಿನಂತೆ ಇಡಿಯಾಗಿ ಕೂರಿಸುತ್ತದೆ, ಇಂಗ್ಲಿಷ್ ಅದನ್ನು ಉಜ್ಜಿ ಆಕಾರ ಬದಲಿಸಿ ಕೂರಿಸುತ್ತದೆ. (ಹರಳನ್ನು ಕೂರಿಸುವ ನಮ್ಮ ಇನ್ನೊಂದು ಹಿಡಿಕೆ ‘ಎಂಬ’. ‘ಎಂಬ’, ‘ಎಂಬೆಡ್’ ಎರಡೂ ಒಂದೇ ಸದ್ದಿನಿಂದ ಶುರುವಾಗುವುದು ಕೇವಲ ಕಾಕತಾಳೀಯ, ಆದರೂ ನೆನಪಿಡಲು ಅನುಕೂಲ.) ತಿದ್ದಿಕೊಳ್ಳುವ ಉಪಾಯ ಸರಳವಾಗಿದೆ: ಪ್ರಶ್ನೆ ಒಳಗೆ ಹೋದ ಕೂಡಲೇ ಡು, ಡಸ್, ಡಿಡ್‌ಗಳನ್ನು ಬಿಟ್ಟು, ಕರ್ತೃವನ್ನು ಮುಂದಕ್ಕೆ ತಂದು, ಹೇಳಿಕೆಯ ಕ್ರಮದಲ್ಲಿ ಮಾತು ಮುಗಿಸಿ. ‘ಟೆಲ್ ಮಿ ವಾಟ್ ಈಸ್ ದ ಟೈಮ್’ ಅಲ್ಲ, ‘ಟೆಲ್ ಮಿ ವಾಟ್ ದ ಟೈಮ್ ಈಸ್’.

ನೀವೇ ಈ ಪದವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತವನ್ನೂ ಗಮನಿಸಬೇಕು. ಎಂಬೆಡ್‌ನ ಕೊನೆಯ ‘ಡಿ’ ಭೂತಕಾಲದಲ್ಲಿ ಇಮ್ಮಡಿಯಾಗುತ್ತದೆ, ಆದ್ದರಿಂದ ಇಡೀ ಪದದಲ್ಲಿ ಮೂರು ‘ಡಿ’ಗಳು; ಉಚ್ಚರಿಸುವಾಗ ಒತ್ತು ‘ಬೆ’ಯ ಮೇಲೆ. ಎಂಬೆಡೆಡ್ ಕೆಲಸಕ್ಕೆ ಅರ್ಜಿ ಹಾಕುವವರ ಬಯೋಡೇಟಾದಲ್ಲೇ ಎರಡು ‘ಡಿ’ಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಅದೂ ದಪ್ಪಕ್ಷರದ ಮೊದಲ ಸಾಲಿನಲ್ಲಿ.